ಕುಸುಂಬೆ ಕೆಂಪು: ಮೂರನೇ ಸಲಕ್ಕೆ ಸಿಕ್ಕಿತು

ಕುಸುಂಬೆ ಹೂವಿನಿಂದ ಬಟ್ಟೆಗೆ ಬಣ್ಣ ಹಾಕುವ ಪ್ರಯತ್ನದಲ್ಲಿ ಈ ಸಲ ಕೆಂಪು ಬಂತು. ಪೂರ್ತಿ ಕೆಂಪಲ್ಲ, ಗುಲಾಬಿಗಿಂತ ಒಂದು ಮೆಟ್ಟಿಲು ಮೇಲೆ. ಹಿಂದಿನ ಎರಡು ಸಲ ಕೆಡಿಸಿದ್ದನ್ನೂ ಸೇರಿಸಿ ಬರೆದಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಹಿಂಗಾರಿಗೆ ಮರೆತು ಅದೇ ತಪ್ಪು ಮಾಡುತ್ತೇನೆ.

ಇದೆಲ್ಲ ಶುರುವಾಗಿದ್ದು ಒಂದು ಪದದಿಂದ. ಸಾಹಿತ್ಯದರ್ಪಣ ಅನ್ನುವ ಹಳೇ ಸಂಸ್ಕೃತ ಕಾವ್ಯಶಾಸ್ತ್ರದ ಪುಸ್ತಕದಲ್ಲಿ ಪ್ರೀತಿಯನ್ನು ಮೂರು ಬಣ್ಣಗಳ ಲೆಕ್ಕದಲ್ಲಿ ಹೇಳಿದ್ದಾರೆ. ನೀಲಿಯಂಥದ್ದು ಅಷ್ಟೇನೂ ಹೊಳೆಯುವುದಿಲ್ಲ, ಆದರೆ ಬಿಡುವುದೂ ಇಲ್ಲ. ಮಂಜಿಷ್ಠದಂಥದ್ದು (ಕೆಂಪು ಬಣ್ಣ ಕೊಡುವ ಒಂದು ಬೇರು) ಹೊಳೆಯುತ್ತದೆ, ಬಿಡುವುದಿಲ್ಲ. ಕುಸುಂಭದಂಥದ್ದು ಹೊಳೆಯುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ. ಯಾವುದಪ್ಪಾ ಈ ಕುಸುಂಭ ಅಂತ ನೋಡಿದರೆ ನಮ್ಮ ಕುಸುಬಿ! ಕುಸುಂಭ, ಕುಸುಂಬೆ, ಕುಸುಬೆ, ಕುಸುಬಿ. ನಮ್ಮ ಕಡೆ ಕುಸುಬಿ ಅಂದರೆ ಎಣ್ಣೆ, ಇಲ್ಲವೇ ಬೀಜದ ಹಾಲು ಹಿಂಡಿ ಮಾಡುವ ಹುಗ್ಗಿ. ಅದೇ ಪದ ಒಂದು ಬಣ್ಣದ ಹೆಸರೂ ಆಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ರಾಜಸ್ಥಾನದಲ್ಲಿ ಈಗಲೂ ಕೆಂಪಿಗೆ 'ಕಸೂಮಲ್' ಅಂತಾರೆ. ನಮ್ಮಲ್ಲಿ ಬೀಜ ಉಳಿಯಿತು, ಬಣ್ಣ ಹೋಯಿತು.

ಹೂವಿಗೆ ಗದಗಿನ ಕಡೆ ಕಾಕಾನ ಹೊಲಕ್ಕೆ ಹೋದೆ. ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿದ್ದಾರೆ. ಮುಳ್ಳಿರುವುದರಿಂದ ದನ ಒಳಗೆ ನುಗ್ಗುವುದಿಲ್ಲ.

"ಹೂ ತಗೊಂಡು ಏನ್ ಮಾಡ್ತೀಪಾ ತಮ್ಮಾ? ಎಣ್ಣಿ ಬರೋದು ಬೀಜದಾಗ."

"ಬಣ್ಣ ತೆಗಿತೀನಿ ಕಾಕಾ."

"ಹಂಗಾರ ನಸುಕಿನ್ಯಾಗ ಬಾ. ಬಿಸಲೇರಿದ್ರ ಕೈ ಹರಿತಾವ."

ಸರಿಯಾಗಿಯೇ ಹೇಳಿದ್ದರು. ಇಬ್ಬನಿ ಇರುವಾಗ ಮುಳ್ಳು ಮೆತ್ತಗಿರುತ್ತವೆ. ಹೂ ಅರಳಿದಾಗ ಹಳದಿ, ಬಾಡುತ್ತಾ ಬಂದಂತೆ ಕೇಸರಿ, ಕೆಂಪು. ಬಾಡಿದ ಎಸಳನ್ನಷ್ಟೇ ಕಿತ್ತರೆ ಬೀಜಕ್ಕೂ ತೊಂದರೆಯಿಲ್ಲ. ಎರಡು ಬೆಳಗು ಬಿಡಿಸಿ ನೆರಳಲ್ಲಿ ಒಣಗಿಸಿದ ಮೇಲೆ ಸಿಕ್ಕಿದ್ದು ಬರೀ 140 ಗ್ರಾಂ.

ಮೊದಲ ಸಲ 20 ಗ್ರಾಂ ಎಸಳನ್ನು ಚಹಾದ ಹಾಗೆ ಕುದಿಸಿದೆ. ಕಂದು ನೀರು. ಈ ಕೆಂಪಿಗೆ ಬಿಸಿ ಆಗಿಬರುವುದಿಲ್ಲ ಅಂತ ಆಮೇಲೆ ಓದಿದೆ. ಎರಡನೇ ಸಲ ತಣ್ಣೀರಲ್ಲೇ ಮಾಡಿದೆ, ಆದರೆ ಎಸಳನ್ನು ಮೂರೇ ಸಲ ತೊಳೆದಿದ್ದೆ. ಬಟ್ಟೆ ಕೊಳಕು ಕೇಸರಿ ಆಯಿತು.

ತಪ್ಪು ಎಲ್ಲಿತ್ತು ಅಂದರೆ, ಎಸಳಿನಲ್ಲಿ ಬಣ್ಣ ಎರಡು. ನೀರಿನಲ್ಲಿ ಸಲೀಸಾಗಿ ಬಿಡುವ ಹಳದಿ ರಾಶಿ ಇದೆ. ಕಾರ್ಥಾಮಿನ್ ಅನ್ನುವ ಕೆಂಪು ನೂರರಲ್ಲಿ ಒಂದು ಪಾಲೂ ಇಲ್ಲ, ಮೇಲಾಗಿ ಅದು ಬರೀ ನೀರಿಗೆ ಕರಗುವುದಿಲ್ಲ. ಮೊದಲು ಹಳದಿಯನ್ನು ಓಡಿಸಬೇಕು. ಆಮೇಲೆ ಕ್ಷಾರದ ನೀರಲ್ಲಿ ಕೆಂಪನ್ನು ಬಿಡಿಸಬೇಕು. ಕೊನೆಗೆ ಹುಳಿ ಹಾಕಿ ಅದನ್ನು ಬಟ್ಟೆಗೆ ಕೂರಿಸಬೇಕು.

ಮೂರನೇ ಸಲ 100 ಗ್ರಾಂ ತಗೊಂಡೆ. ಹಳೇ ಪಂಚೆಯ ಚೀಲದಲ್ಲಿ ಕಟ್ಟಿ ಬಕೆಟ್‌ನಲ್ಲಿ ಅದ್ದಿ ಹಿಂಡಿದೆ. ಹದಿನಾಲ್ಕು ಸಲ! ಅಷ್ಟೊಂದು ಹಳದಿ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ. ಒಂದು ಬಕೆಟ್ ತೆಗೆದಿಟ್ಟು ರೇಷ್ಮೆ ತುಂಡೊಂದನ್ನು ಅದ್ದಿದ್ದೇನೆ, ರೇಷ್ಮೆಗೆ ಹಳದಿ ಹಿಡಿಯುತ್ತದಂತೆ. ನೀರು ಹೆಚ್ಚುಕಮ್ಮಿ ತಿಳಿಯಾದ ಮೇಲೆ ಎಸಳನ್ನು ಎರಡು ಲೀಟರ್ ನೀರಿಗೆ ಹಾಕಿ, ವಾಷಿಂಗ್ ಸೋಡಾ ಚಿಟಿಕೆ ಚಿಟಿಕೆಯಾಗಿ ಸೇರಿಸಿದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಕಾಗದ 10 (ಅಂದರೆ ಚೆನ್ನಾಗಿ ಕ್ಷಾರ) ತೋರಿಸಿದಾಗ ನಿಲ್ಲಿಸಿದೆ. ಚಪಾತಿ ಹಿಟ್ಟಿನ ಹಾಗೆ ಅರ್ಧ ಗಂಟೆ ನಾದಿ, ಸೋಸಿ, ಒಗೆದಿಟ್ಟ ಹತ್ತಿಯ ಕರ್ಚೀಫ್ ಅದ್ದಿದೆ.

ಆಗ ಅದು ಕಂದುಗಟ್ಟಿದ ಕಷಾಯ. ಇದೂ ಹೋಯಿತು ಅಂದುಕೊಂಡೆ. ನಿಂಬೆಹಣ್ಣು ಹಿಂಡಿದೆ. ಸೋಡಾ ಅಲ್ವಾ, ಬುಸ್ಸಂತ ನೊರೆ ಎದ್ದು ಅರ್ಧ ಲೋಟದಷ್ಟು ಕಟ್ಟೆ ಮೇಲೆ ಹರಿಯಿತು. ನೊರೆಯ ಬಣ್ಣ ಗುಲಾಬಿ! ಇನ್ನೂ ನಾಲ್ಕು ನಿಂಬೆ ಹಿಂಡಿದೆ. ಬೇಸಿನ್‌ನಲ್ಲಿದ್ದ ಕಂದು ಕಣ್ಣೆದುರೇ ಕೆಂಪಾಗುತ್ತಾ ಹೋಯಿತು. ಎರಡು ತಾಸು ಬಿಟ್ಟು ತೆಗೆದರೆ ಕರ್ಚೀಫ್ ದಾಳಿಂಬೆ ಕಾಳಿನ ಬಣ್ಣ. ಒಣಗಿದ ಮೇಲೆ ಒಂದು ಛಾಯೆ ಇಳಿಯಿತು. ಬಣ್ಣ ಕಚ್ಚಿಕೊಳ್ಳಲು ಹಾಕುವ ಪಟಿಕ ಗಿಟಿಕ ಏನೂ ಬೇಕಾಗಲಿಲ್ಲ.

ಕರ್ಚೀಫಿನ ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಕಟ್ಟಿದ್ದೆ. ಒಂಬತ್ತನೇ ದಿನ ರಟ್ಟು ತೆಗೆದು ನೋಡಿದರೆ ನಡುವೆ ಗೆರೆ ಎಳೆದ ಹಾಗಿತ್ತು. ಬಿಸಿಲು ತಾಗಿದ ಕಡೆ ಬರೀ ಮಬ್ಬು ಗುಲಾಬಿ. ಸೋಪು ಹಚ್ಚಿದ ಮೂಲೆಯಂತೂ ಪೂರ್ತಿ ಪೇಲವ. ಸೋಪಿನಲ್ಲೂ ಕ್ಷಾರ ಇರುತ್ತದಲ್ಲ. ಸಾಹಿತ್ಯದರ್ಪಣ ಹೇಳಿದ್ದು ಸುಮ್ನೆ ಅಲ್ಲ.

ಇನ್ನೊಂದು ಸಣ್ಣ ಕೆಲಸ. ಜಪಾನಿನಲ್ಲಿ ಇದೇ ಹೂವಿನ ಕೆಂಪನ್ನು 'ಬೆನಿ' ಅಂತ ಬಟ್ಟಲಿನ ಒಳಮೈಗೆ ಬಳಿದು ತುಟಿಗೆ ಹಚ್ಚುತ್ತಿದ್ದರು. ದಪ್ಪಗೆ ಬಳಿದು ಒಣಗಿಸಿದರೆ ಜೀರುಂಡೆ ಬೆನ್ನಿನ ಹಾಗೆ ಹಸಿರು ಮಿಂಚುತ್ತದೆ. ಕೆಂಪು ಹಿಡಿದ ಹತ್ತಿಯನ್ನು ಮತ್ತೆ ಸೋಡಾ ನೀರಲ್ಲಿ ಹಿಂಡಿ, ಹುಳಿ ಹಾಕಿ, ತಳಕ್ಕೆ ಕೂತ ಗಸಿಯನ್ನು ಪಿಂಗಾಣಿ ಬಟ್ಟಲಿಗೆ ಬಳಿದೆ. ಒಂದು ಕಡೆ ಮಾತ್ರ, ಉಗುರಿನಷ್ಟು ಜಾಗದಲ್ಲಿ, ಹಸಿರು ಬಂದಿದೆ. ಅವ್ವ ನಂಬಲಿಲ್ಲ. ಬೆರಳು ಒದ್ದೆ ಮಾಡಿ ಆ ಹಸಿರು ಮುಟ್ಟಿದಳು. ಬೆರಳ ತುದಿ ಕೆಂಪಾಯಿತು.