ಕಪ್ಪು ಹುಳಿ ಏಲ್‌ಗೆ 33 ಅಂಕ

ಬಿಯರ್ ಕುಡಿದು ಅಂಕ ಬರೆದಿಡುವ ಅಭ್ಯಾಸ ನನಗೆ ಹಲವು ವರ್ಷಗಳಿಂದ ಇದೆ; ಆದರೆ ಬರೆದ ಅಂಕವನ್ನು ಅದೇ ಸಂಜೆ ಹೊಡೆದುಹಾಕಿ ಮತ್ತೆ ಬರೆದದ್ದು ಅಪರೂಪ. ಕಳೆದ ವಾರ ತೆರೆದ, ಫಾರ್ಮ್‌ಹೌಸ್ (ಹೊಲಮನೆ) ಶೈಲಿಯ ಒಂದು ಕಪ್ಪು ಹುಳಿ ಏಲ್, ಅಂದರೆ ಒಂದು ಬಗೆಯ ಬಿಯರ್, ನನ್ನಿಂದ ಆ ಕೆಲಸ ಮಾಡಿಸಿತು. ಕಾರ್ಕ್ ಬಿಗಿದ 750 ಮಿ.ಲೀ. ಬಾಟಲಿ, ಮದ್ಯಸಾರ ಶೇ 6.5, ಬಾಟಲಿಗೆ ತುಂಬಿ ಆಗಷ್ಟೇ ಐದು ತಿಂಗಳು. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದು ಬಾಟಲಿಯಲ್ಲಿ ಕಂಡ ದೋಷವನ್ನು ಅವರ ಇಡೀ ಕಸುಬಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಫಾರ್ಮ್‌ಹೌಸ್ ಏಲ್ ಎಂದಾಗ ಮೊದಲು ನೆನಪಾಗುವುದು ಬೆಲ್ಜಿಯಂನ ವಲೋನಿಯಾ ಸೀಮೆಯ ಸೆಜಾನ್. ಫ್ರೆಂಚಿನಲ್ಲಿ ಆ ಪದಕ್ಕೆ ಹಂಗಾಮು ಎಂದೇ ಅರ್ಥ. ಇಂದು ಆ ಹೆಸರಿನಲ್ಲಿ ಸಿಗುವ ಬಹುಪಾಲು ಬಿಯರು ಹೊಂಬಣ್ಣದ್ದು, ಸಿಹಿ ಉಳಿಯದಂತೆ ಪೂರ್ತಿ ಹುದುಗಿದ್ದು, ನೊರೆ ಉಕ್ಕುವಂಥದ್ದು. ಕಪ್ಪು ಬಣ್ಣವೂ ಹುಳಿಯೂ ಕೂಡಿದ ಕೂಡಲೇ ಅದನ್ನು ಅದೇ ದೇಶದ ಫ್ಲಾಂಡರ್ಸ್ ಸೀಮೆಯ ಔಡ್ ಬ್ರೌನ್ ಎಂಬ ಕಂದು ಹುಳಿ ಬಿಯರಿನ ಜೊತೆ ಸೇರಿಸಿಬಿಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಔಡ್ ಬ್ರೌನ್‌ನಲ್ಲಿ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ಮುಂದೆ ನಿಲ್ಲುತ್ತದೆ, ಹುಳಿ ಅದರ ಹಿಂದೆ ಬರುತ್ತದೆ. ಫಾರ್ಮ್‌ಹೌಸ್ ಬಿಯರಿನಲ್ಲಿ ಆಸರೆಗೆ ಸಿಹಿಯೇ ಇರುವುದಿಲ್ಲ, ಕಪ್ಪು ಮಾಲ್ಟ್ ಮತ್ತು ಹುಳಿ ನಡುವೆ ಯಾವ ಮಧ್ಯಸ್ಥರೂ ಇಲ್ಲದೆ ಎದುರುಬದುರು ನಿಲ್ಲಬೇಕಾಗುತ್ತದೆ.

ಕಷ್ಟ ಇರುವುದು ಇಲ್ಲಿಯೇ. ಮಾಲ್ಟನ್ನು 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಉರುಳೆಯಲ್ಲಿ ತಿರುಗಿಸುತ್ತ ಹುರಿದು ಕಪ್ಪು ಮಾಲ್ಟ್ ಮಾಡುವ ವಿಧಾನಕ್ಕೆ ಡೇನಿಯಲ್ ವೀಲರ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1817ರಲ್ಲಿ. ಅಂದಿನಿಂದ ಚಿಟಿಕೆಯಷ್ಟು ಮಾಲ್ಟ್‌ನಿಂದಲೇ ಕಡುಗಪ್ಪು ಬಣ್ಣ ತರುವುದು ಸುಲಭವಾಯಿತು. ಆದರೆ ಆ ಕಾಳಿನ ಜೊತೆಗೆ ಸುಟ್ಟ ಸಿಪ್ಪೆಯ ಕಹಿ ಮತ್ತು ಒಗರು ಕೂಡ ಬಂದವು. ಸಾಧಾರಣ ಬಿಯರಿನ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 4.2ರಿಂದ 4.5ರ ಆಸುಪಾಸಿನಲ್ಲಿದ್ದರೆ ಹುಳಿ ಬಿಯರಿನದು 3.5ಕ್ಕೂ ಕೆಳಗಿಳಿಯಬಹುದು, ಮತ್ತು ಅಷ್ಟು ಹುಳಿಯಲ್ಲಿ ಹುರಿದ ಮಾಲ್ಟ್‌ನ ಒಗರು ಇನ್ನಷ್ಟು ಕಟುವಾಗಿ, ಆರಿದ ಕಪ್ಪು ಕಾಫಿಗೆ ನಿಂಬೆರಸ ಹಿಂಡಿದಂತೆ ಆಗಿಬಿಡುತ್ತದೆ. ತಿಳಿದ ತಯಾರಕರು ಸಿಪ್ಪೆ ತೆಗೆದ ಬಾರ್ಲಿಯನ್ನು ಹುರಿಸಿ ತರುತ್ತಾರೆ, ಇಲ್ಲವೇ ಕಪ್ಪು ಮಾಲ್ಟನ್ನು ಬಿಸಿ ನೀರಿನಲ್ಲಿ ಉಳಿದ ಮಾಲ್ಟ್‌ನೊಂದಿಗೆ ಹೊತ್ತುಗಟ್ಟಲೆ ನೆನೆಸದೆ ಕೊನೆಯ ಹಂತದಲ್ಲಿ ಮಾತ್ರ ಮೇಲೆ ಹರಡುತ್ತಾರೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನಲ್ಲಿಯೂ ಕೈ ಬಿಗಿ ಹಿಡಿಯುತ್ತಾರೆ, ಏಕೆಂದರೆ ಹಾಪ್ಸ್‌ನ ಕಹಿಯು, ಹುಳಿ ತರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನೇ ತಡೆಯುತ್ತದೆ.

ಬಾಟಲಿಯನ್ನು ಎರಡು ದಿನ ನೆಟ್ಟಗೆ ನಿಲ್ಲಿಸಿ ಗಸಿ ತಳಕ್ಕೆ ಇಳಿದ ಮೇಲೆ, ಸುಮಾರು 11 ಡಿಗ್ರಿ ತಂಪಿನಲ್ಲಿ, ಟ್ಯೂಲಿಪ್ ಗ್ಲಾಸಿಗೆ ಬಗ್ಗಿಸಿದೆ. ಬೆಳಕಿಗೆ ಹಿಡಿಯದಿದ್ದರೆ ಕಪ್ಪು. ಹಿಡಿದರೆ ಅಂಚಿನಲ್ಲಿ ದಾಳಿಂಬೆ ಕೆಂಪು. ಎರಡು ಬೆರಳಿನಷ್ಟು ಎದ್ದ ಕಂದು ನೊರೆ ಒಂದು ನಿಮಿಷದೊಳಗೆ ಚರಚರ ಸದ್ದು ಮಾಡುತ್ತ ಒಡೆದು, ಗ್ಲಾಸಿನ ಸುತ್ತ ಉಂಗುರವಾಗಿ ಉಳಿಯಿತು. ಹುಳಿ ಬಿಯರುಗಳಲ್ಲಿ ನೊರೆ ನಿಲ್ಲದಿರುವುದು ಸಾಮಾನ್ಯ, ಅದಕ್ಕಾಗಿ ನಾನು ಹೆಚ್ಚು ಕಳೆಯುವುದಿಲ್ಲ. ನಾನು ಬಳಸುವುದು ಬಿಯರ್ ತೀರ್ಪುಗಾರರಿಗೆ ಮಾನ್ಯತೆ ನೀಡುವ ಬಿಜೆಸಿಪಿ ಸಂಸ್ಥೆಯ 50 ಅಂಕಗಳ ಪಟ್ಟಿ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಸಿಗುವ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ನೋಟಕ್ಕೆ 2 ಎಂದು ಬರೆದು ಮುಂದೆ ಹೋದೆ.

ಪರಿಮಳ ಮಾತ್ರ ಬಹಳ ಹೊತ್ತು ಹಿಡಿದು ಕೂರಿಸಿತು. ಮೊದಲು ಒಣಗಿದ ಚೆರಿ, ಬ್ರೆಡ್ಡಿನ ಸೀದ ಅಂಚು. ಗ್ಲಾಸನ್ನು ತಿರುಗಿಸಿದ ಮೇಲೆ ಹಳೆಯ ಚರ್ಮ, ಒಣಹುಲ್ಲು, ದೂರದಲ್ಲಿ ಎಲ್ಲೋ ಕುದುರೆ ಲಾಯ. ಈ ಲಾಯದ ವಾಸನೆ ಬ್ರೆಟಾನೊಮೈಸಿಸ್ ಎಂಬ ಯೀಸ್ಟಿನದು; ಅದು ಉತ್ಪಾದಿಸುವ 4-ಇಥೈಲ್‌ಫಿನಾಲ್ ಎಂಬ ವಸ್ತುವಿಗೆ ಇದರಲ್ಲಿ ದೊಡ್ಡ ಪಾಲಿದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆಯಲ್ಲಿದ್ದ ನೀಲ್ಸ್ ಯೆಲ್ಟೆ ಕ್ಲಾಸೆನ್, ಇಂಗ್ಲೆಂಡಿನ ಬಹುಕಾಲ ಮಾಗಿಸಿಟ್ಟ ಬಿಯರುಗಳ ವಿಶಿಷ್ಟ ರುಚಿಗೆ ಕಾರಣ ಹುಡುಕುತ್ತ, 1904ರಲ್ಲಿ ಈ ಯೀಸ್ಟನ್ನು ಲೋಕಕ್ಕೆ ತಿಳಿಸಿ 'ಬ್ರಿಟಿಷ್ ಶಿಲೀಂಧ್ರ' ಎಂಬ ಅರ್ಥದ ಹೆಸರನ್ನಿಟ್ಟರು. ಇಂದು ಅದನ್ನು ಬೆಲ್ಜಿಯಂನ ಸ್ವತ್ತು ಎಂದು ತಿಳಿದವರೇ ಹೆಚ್ಚು.

ಮೂಗಿನಿಂದಲೇ ತಿಳಿಯಬಹುದಾದ ಇನ್ನೊಂದು ಸಂಗತಿಯೆಂದರೆ ಹುಳಿಯ ಜಾತಿ. ಲ್ಯಾಕ್ಟಿಕ್ ಆಮ್ಲಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು, ಅದು ಮೊಸರಿನ ಹುಳಿಯಂತೆ ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಅಸಿಟಿಕ್ ಆಮ್ಲ ವಿನಿಗರ್‌ನಂತೆ ಗ್ಲಾಸಿನ ಮೇಲೆ ಬಗ್ಗಿದಾಗಲೇ ಮೂಗಿಗೆ ಚುಚ್ಚುತ್ತದೆ. ಬಿಯರಿಗೆ ಗಾಳಿ ತಗಲಿದಷ್ಟೂ ಎರಡನೆಯದು ಹೆಚ್ಚುತ್ತದೆ, ಅತಿಯಾದರೆ ಉಗುರುಬಣ್ಣ ಒರೆಸುವ ದ್ರಾವಣದ ಘಾಟೂ ಸೇರಿಕೊಳ್ಳುತ್ತದೆ. ಈ ಬಿಯರಿನಲ್ಲಿ ವಿನಿಗರ್ ಇತ್ತು, ಆದರೆ ಚೆರಿಯ ವಾಸನೆಯನ್ನು ಎತ್ತಿಕೊಡುವಷ್ಟೇ ಇತ್ತು. ಪರಿಮಳಕ್ಕೆ 10.

ಮೊದಲ ಗುಟುಕಿನಲ್ಲಿ ಹುಳಿ ದವಡೆಯ ಮೂಲೆಗೆ ಹೊಡೆಯಿತು. ಎರಡನೆಯದಕ್ಕೆ ನಾಲಿಗೆ ಒಗ್ಗಿತು, ಮೂರನೆಯದರಲ್ಲಿ ಕಹಿ ಇಲ್ಲದ ಚಾಕೊಲೇಟು, ಪ್ಲಮ್, ಒಂದಿಷ್ಟು ಕರಿಮೆಣಸಿನ ಚುರುಕು ಬಿಡಿಬಿಡಿಯಾಗಿ ಸಿಕ್ಕವು. ಹುಳಿ ಬಿಯರಿನ ಮೊದಲ ಗುಟುಕಿಗೆ ತೀರ್ಪು ಬರೆಯಬಾರದೆಂಬುದನ್ನು ನಾನು ಮೊದಲೇ ಕಲಿತಿದ್ದೆ, ಆದ್ದರಿಂದ ಕಾಲು ಗ್ಲಾಸು ಮುಗಿಯುವವರೆಗೆ ಕಾದೆ. ನಾನು ಹೆದರಿದ್ದ ಕಾಫಿ-ನಿಂಬೆಯ ಜಗಳ ಎಲ್ಲಿಯೂ ಇರಲಿಲ್ಲ. ಒಗರು ನಾಲಿಗೆಯ ಮೇಲೆ ತೆಳ್ಳಗೆ ಹರಡಿ ಮಾಯವಾಗುತ್ತಿತ್ತು. ಕಪ್ಪು ಮಾಲ್ಟನ್ನು ಇಷ್ಟು ಹದವಾಗಿ ಬಳಸಿದ ಹುಳಿ ಬಿಯರು ನಾನು ಕುಡಿದವುಗಳಲ್ಲಿ ಎರಡೋ ಮೂರೋ. ರುಚಿಗೆ 16, ಸ್ಪರ್ಶಕ್ಕೆ 4, ಒಟ್ಟು ಅಭಿಪ್ರಾಯಕ್ಕೆ 8. ಕೂಡಿದರೆ 40. ಆ ಪಟ್ಟಿಯ ಪ್ರಕಾರ 38ರಿಂದ 44ರವರೆಗಿನದು ಉತ್ಕೃಷ್ಟ ದರ್ಜೆ.

ಬರೆದು ಪೆನ್ನು ಕೆಳಗಿಟ್ಟು, ಏನೂ ಕುಡಿಯದೆ ಸುಮ್ಮನೆ ಕುಳಿತಿದ್ದಾಗ ಬಾಯಿಯ ಹಿಂಭಾಗದಲ್ಲಿ ಬೇರೆಯದೇ ಒಂದು ರುಚಿ ಏಳತೊಡಗಿತು. ಮೊದಲು ಬಿಸ್ಕತ್ತಿನ ಪುಡಿ ಎನ್ನಿಸಿತು, ಆಮೇಲೆ ಹಳೆಯ ಪಾಪ್‌ಕಾರ್ನ್, ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಇಲಿ ಗೂಡು ಮಾಡಿದ ಪೆಟ್ಟಿಗೆಯ ಕಮಟು. ಇನ್ನೊಂದು ಗುಟುಕು ಕುಡಿದೆ, ಹುಳಿ ಬಂದು ಅದನ್ನು ತೊಳೆದುಹಾಕಿತು. ಕಾದೆ, ಮತ್ತೆ ಬಂತು.

ಇದು ವೈನ್ ತಯಾರಕರು 'ಮೌಸಿ' (ಇಲಿಯಂಥದ್ದು) ಎಂದು ಕರೆಯುವ ಹಳೆಯ ಪಿಡುಗು. ಬ್ರೆಟಾನೊಮೈಸಿಸ್ ಮತ್ತು ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಉಂಟುಮಾಡುವ ಟೆಟ್ರಾಹೈಡ್ರೊಪಿರಿಡಿನ್‌ಗಳೆಂಬ ವಸ್ತುಗಳು ಇದಕ್ಕೆ ಕಾರಣ. ಹುಳಿ ದ್ರವದಲ್ಲಿರುವಷ್ಟು ಕಾಲ ಇವು ಆವಿಯಾಗಿ ಮೇಲೇಳುವುದಿಲ್ಲ, ಹಾಗಾಗಿ ಗ್ಲಾಸಿನಲ್ಲಿ ಮೂಗಿಟ್ಟರೆ ಸಿಕ್ಕುವುದೂ ಇಲ್ಲ. ನುಂಗಿದ ಮೇಲೆ ಎಂಜಲು ಬಾಯಿಯ ಹುಳಿಯನ್ನು ಇಳಿಸಿದಾಗಲೇ ಅವು ಬಿಡುಗಡೆಯಾಗಿ ಒಳಗಿನಿಂದ ಮೂಗಿಗೆ ಏರುತ್ತವೆ. ಎಲ್ಲರಿಗೂ ಇದು ಒಂದೇ ಪ್ರಮಾಣದಲ್ಲಿ ತಿಳಿಯುವುದಿಲ್ಲ, ಕೆಲವರಿಗೆ ತಿಳಿಯುವುದೇ ಇಲ್ಲ. ನನ್ನ ಭ್ರಮೆ ಇರಬಹುದೇ ಎಂದು ಪರೀಕ್ಷಿಸಲು ಹಳೆಯ ಉಪಾಯವೊಂದನ್ನು ಮಾಡಿದೆ: ಕೈಯ ಹಿಂಬದಿಗೆ ನಾಲ್ಕು ಹನಿ ಬಿಯರು ಹಾಕಿ, ಉಜ್ಜಿ, ಆರಲು ಬಿಟ್ಟು ಮೂಸಿದೆ. ಚರ್ಮ ಬಿಯರಿನಷ್ಟು ಹುಳಿಯಲ್ಲವಾದ್ದರಿಂದ ಅಲ್ಲಿಯೂ ಅದೇ ಬಿಡುಗಡೆ ನಡೆಯುತ್ತದೆ. ಪಾಪ್‌ಕಾರ್ನ್ ಕೈಯ ಮೇಲೂ ಇತ್ತು.

ಇನ್ನು ಅಂಕದ ಪ್ರಶ್ನೆ. ಬಿಡುವಿಲ್ಲದೆ ಗುಟುಕಿನ ಮೇಲೆ ಗುಟುಕು ಕುಡಿದವರಿಗೆ ಈ ಬಿಯರು ನಿಜವಾಗಿಯೂ 40ರ ಬಿಯರೇ, ಮತ್ತು ಸಾಲಾಗಿ ಹತ್ತು ಗ್ಲಾಸುಗಳನ್ನಿಟ್ಟುಕೊಂಡು ಅವಸರದಲ್ಲಿ ರುಚಿ ನೋಡುವ ಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನ ಬಂದರೂ ನನಗೆ ಆಶ್ಚರ್ಯವಿಲ್ಲ. ಆದರೆ ನುಂಗಿದ ಮೇಲೆ ಉಳಿಯುವುದನ್ನೂ ರುಚಿಯೆಂದೇ ಎಣಿಸಬೇಕು. ಈ ಶೈಲಿಯಲ್ಲಂತೂ ಒಣ, ಚೊಕ್ಕ ಮುಕ್ತಾಯಕ್ಕಾಗಿಯೇ ನಾವು ಗ್ಲಾಸು ಹಿಡಿಯುವುದು. ರುಚಿಯನ್ನು 16ರಿಂದ 11ಕ್ಕೂ ಒಟ್ಟು ಅಭಿಪ್ರಾಯವನ್ನು 8ರಿಂದ 6ಕ್ಕೂ ಇಳಿಸಿದೆ. ಪರಿಮಳದ 10ನ್ನು ಮುಟ್ಟಲಿಲ್ಲ, ಅಲ್ಲಿ ಅದು ಏನೂ ತಪ್ಪು ಮಾಡಿರಲಿಲ್ಲ. ಒಟ್ಟು 33.

ಬಾಟಲಿಗೆ ತುಂಬುವಾಗ ಗಾಳಿ ಸೇರಿದರೆ ಈ ಕಮಟು ಏಳುವುದು ಸಾಮಾನ್ಯ, ಮತ್ತು ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ಅದು ತಾನಾಗಿಯೇ ಇಳಿದುಹೋದ ಉದಾಹರಣೆಗಳನ್ನು ಹುಳಿ ಬಿಯರು ಮಾಡುವವರು ಹೇಳುತ್ತಾರೆ. ಐದು ತಿಂಗಳು ಇಂಥ ಬಿಯರಿಗೆ ಎಳೆಯ ವಯಸ್ಸು. ನಾನು ತಂದದ್ದು ಎರಡು ಬಾಟಲಿ. ಎರಡನೆಯದನ್ನು ಬೆಳಕು ಬೀಳದ ಕಪಾಟಿನ ಕೆಳಗಿನ ಅರೆಯಲ್ಲಿ ನಿಲ್ಲಿಸಿ, ಅದರ ಕುತ್ತಿಗೆಗೆ ಒಂದು ಚೀಟಿ ಕಟ್ಟಿದ್ದೇನೆ. ಅದರಲ್ಲಿ ಮುಂದಿನ ವರ್ಷದ ಇದೇ ತಿಂಗಳ ಹೆಸರೂ, ಅದರ ಕೆಳಗೆ 40 ಎಂದು ಬರೆದು ಹೊಡೆದುಹಾಕಿದ ಗೆರೆಯೂ, ಪಕ್ಕದಲ್ಲಿ 33 ಎಂಬುದೂ ಇವೆ.