ಪಿಸ್ಟನ್ ಕೈಗೆ ಬಂದ ಮೇಲೆ ಬೋರ್ ಮಾಡಿಸಿ

ಇಂಜಿನ್ ಬ್ಲಾಕ್ ಬಿಚ್ಚಿದ ದಿನವೇ ಬೋರಿಂಗಿಗೆ (ಸಿಲಿಂಡರಿನ ತೂತನ್ನು, ಅಂದರೆ ಬೋರನ್ನು, ಕೊರೆದು ದೊಡ್ಡದು ಮಾಡಲು) ಕಳಿಸಿ, ‘0.50 ಮಿ.ಮೀ. ಓವರ್‌ಸೈಜ್ ಹೊಡೀರಿ, ಪಿಸ್ಟನ್ ಆಮೇಲೆ ತರ್ತೀವಿ’ ಅನ್ನುವ ರೂಢಿ ವರ್ಕ್‌ಶಾಪುಗಳಲ್ಲಿದೆ. ಹೊರಗಿನ ಮಾಲು, ಅಂದರೆ ಇಂಜಿನ್ ಕಂಪನಿಯದ್ದಲ್ಲದ ಬಿಡಿಭಾಗ, ಹಾಕುವಾಗ ಇದನ್ನು ಬಿಟ್ಟೇಬಿಡಬೇಕು. ಡಬ್ಬಿಯ ಮೇಲೆ 0.50 ಅಂತಿದ್ದರೂ ಒಳಗಿನ ಒಂದು ಪಿಸ್ಟನ್ 0.47, ಅದೇ ಸೆಟ್ಟಿನ ಮತ್ತೊಂದು 0.53 ಇದ್ದರೆ? ಪಿಸ್ಟನ್ನಿಗೂ ಬೋರಿಗೂ ನಡುವೆ ಬೇಕಾದ ಕ್ಲಿಯರೆನ್ಸ್ (ಸಂದು) 0.08 ಮಿ.ಮೀ. ಆಗಿದ್ದಲ್ಲಿ ಮೊದಲನೆಯದಕ್ಕೆ 0.11 ಸಿಕ್ಕಿ ತಣ್ಣಗಿರುವಾಗ ಬಡಿಯುತ್ತದೆ, ಎರಡನೆಯದಕ್ಕೆ 0.05 ಉಳಿದು ಲೋಡ್ ಬಿದ್ದಾಗ ಬಿಗಿದು ಸೀಜ್ ಆಗುತ್ತದೆ. ಬೈಗುಳ ಮಾತ್ರ ಬೋರಿಂಗ್‌ನವರಿಗೆ.

ಪಿಸ್ಟನ್ ಅಳೆಯುವುದು ತಲೆಯಲ್ಲಲ್ಲ, ಸ್ಕರ್ಟಿನಲ್ಲಿ (ರಿಂಗುಗಳ ಕೆಳಗಿನ ಭಾಗದಲ್ಲಿ), ಕನೆಕ್ಟಿಂಗ್ ರಾಡ್ ಜೋಡಿಸುವ ಪಿನ್ನಿಗೆ ಅಡ್ಡಲಾಗಿ, ತಯಾರಕರು ಹೇಳಿದ ಎತ್ತರದಲ್ಲಿ. ತಲೆಯ ಕಡೆ ಅದು ಸಣ್ಣದೇ ಇರುತ್ತದೆ, ಆಕಾರವೂ ಪೂರ್ತಿ ದುಂಡಗಿರುವುದಿಲ್ಲ. ಬ್ಲಾಕು, ಪಿಸ್ಟನ್ನು, ಮೈಕ್ರೋಮೀಟರು ಒಂದೇ ನೆರಳಿನಲ್ಲಿ ಒಂದು ರಾತ್ರಿ ಇರಲಿ. 100 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ 10 ಡಿಗ್ರಿ ಬಿಸಿಯಾದರೆ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ, ಬಿಸಿಲಲ್ಲಿ ಬಂದ ಡಬ್ಬಿಯನ್ನು ಆಗಲೇ ಅಳೆದರೆ ಆ ಅಳತೆಗೆ ಬೆಲೆಯಿಲ್ಲ. ಪ್ರತಿ ಪಿಸ್ಟನ್ನಿಗೂ ಸಿಲಿಂಡರ್ ನಂಬರ್ ಬರೆದು, ಆಯಾ ಬೋರನ್ನು ಅದಕ್ಕೇ ಹೋನ್ ಮಾಡಿಸಬೇಕು, ಅಂದರೆ ಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರಿಸಬೇಕು. ತೂಕವನ್ನೂ ನೋಡಿಬಿಡಿ. ಸೆಟ್ಟಿನೊಳಗೆ 10 ಗ್ರಾಂ ಮೀರಿ ವ್ಯತ್ಯಾಸವಿದ್ದರೆ ನಾವಂತೂ ಇಟ್ಟುಕೊಳ್ಳುವುದಿಲ್ಲ.

ಪಿಸ್ಟನ್ ರಿಂಗನ್ನು ಬೋರಿಗೆ ಹಾಕಿ, ಪಿಸ್ಟನ್ನನ್ನು ತಲೆಕೆಳಗು ಮಾಡಿ ಒತ್ತಿ ನೇರ ಕೂರಿಸಿ, ರಿಂಗಿನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. ಇಂಜಿನ್ನಿನ ಪುಸ್ತಕ ಸಿಗದಿದ್ದರೆ ಬೋರಿನ ಪ್ರತಿ ಇಂಚಿಗೆ 4 ಥೌ (ಇಂಚಿನ ಸಾವಿರದ ಒಂದು ಪಾಲು), ಅಂದರೆ 100 ಮಿ.ಮೀ. ಬೋರಿಗೆ 0.40 ಮಿ.ಮೀ. ಸಂದು ಇರಲಿ. ಅದಕ್ಕಿಂತ ಕಡಿಮೆಯಿದ್ದರೆ ಅರದಿಂದ ಉಜ್ಜಬಹುದು. ಹಾಗೇ ಬಿಟ್ಟರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ಬೋರನ್ನೇ ಗೀರುತ್ತವೆ. ಜಾಸ್ತಿಯಿದ್ದರೆ ರಿಪೇರಿಯಿಲ್ಲ, ವಾಪಸ್.

ಹೆಚ್ಚು ಮೋಸ ಮಾಡುವುದು ಬೇರಿಂಗ್ ಶೆಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂರುವ ಅರ್ಧ ದುಂಡಗಿನ ತೆಳು ಲೋಹ. ನೋಡಲು ಎಲ್ಲವೂ ಒಂದೇ ಥರ. ಚಪ್ಪಟೆ ಮೈಕ್ರೋಮೀಟರ್ ಒಳಬಾಗಿಗೆ ಕೂರದೆ ನಿಜಕ್ಕಿಂತ ದಪ್ಪ ತೋರಿಸುತ್ತದೆ; ಒಳಗಡೆ ಬಾಲ್ ಬೇರಿಂಗಿನ ಒಂದು ಗುಂಡು ಇಟ್ಟು ಅಳೆದು, ಗುಂಡಿನ ಅಳತೆ ಕಳೆಯಿರಿ. ಶೆಲ್ಲಿನ ನಡುವೆಯೇ ಅಳೆಯಿರಿ, ಅಂಚಿನ ಕಡೆ ತೆಳುವಾಗುವುದು ಸಹಜ. ಕ್ರ್ಯಾಂಕ್ ಗ್ರೈಂಡ್ ಮಾಡಿಸುವ ಮೊದಲೇ ಈ ಕೆಲಸ ಮುಗಿಯಬೇಕು. 50 ಮಿ.ಮೀ. ಜರ್ನಲ್ಲಿಗೆ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜಾಗಕ್ಕೆ) ಕ್ಲಿಯರೆನ್ಸ್ 0.05ರ ಆಸುಪಾಸು, ಹಾಗಾಗಿ ಶೆಲ್ಲು ಮಿ.ಮೀ.ನ ಎರಡು ನೂರಾಂಶ ದಪ್ಪವಿದ್ದರೂ ಕ್ಲಿಯರೆನ್ಸ್ ಬಹುತೇಕ ಹೋದಂತೆಯೇ, ಏಕೆಂದರೆ ಮೇಲೊಂದು, ಕೆಳಗೊಂದು ಶೆಲ್. ಎಣ್ಣೆಯ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂರುತ್ತದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಆಮೇಲೆ ಕ್ಯಾಪನ್ನು (ಕೆಳಗಿನ ಶೆಲ್ಲನ್ನು ಹಿಡಿಯುವ ಮುಚ್ಚಳವನ್ನು) ಪೂರ್ತಿ ಟಾರ್ಕಿಗೆ ಬಿಗಿದು ಒಂದು ಬೋಲ್ಟ್ ಮಾತ್ರ ಸಡಿಲಿಸಿ: ಆ ಕಡೆ ಕ್ಯಾಪ್ ಕೂದಲೆಳೆಯಷ್ಟು ಬಾಯಿ ಬಿಡಬೇಕು. ಬಿಡದಿದ್ದರೆ ಶೆಲ್ಲಿಗೆ ಹಿಡಿತವಿಲ್ಲ, ಓಡುವಾಗ ತಿರುಗಿ ಎಣ್ಣೆಯ ದಾರಿ ಮುಚ್ಚುತ್ತದೆ.

ಇಷ್ಟೂ ಅಳತೆ ಎಣ್ಣೆ ಹಚ್ಚುವ ಮೊದಲೇ ಆಗಲಿ. ಎಣ್ಣೆ ಕಂಡ ಮಾಲನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಡಬ್ಬಿ ಎಸೆಯದೆ, ಬ್ಯಾಚ್ ನಂಬರಿನ ಪಕ್ಕದಲ್ಲೇ ಅಳತೆ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ.