ನೆರಳು ಬೊಂಬೆಯಾಟ: ಕ್ಲಾರಾ ಅಣ್ಣನ ಮಂಚದ ಹತ್ತಿರ ಬಂದು ನಿಂತಿದ್ದಾಳೆ

ಏಪ್ರಿಲ್ 5

ರಜೆಯಲ್ಲಿ ವಠಾರದ ಮಕ್ಕಳಿಗೆ ಇಪ್ಪತ್ತು ನಿಮಿಷದ ಒಂದು ಬೊಂಬೆಯಾಟ ತೋರಿಸೋಣ ಅಂತ ಹೊರಟಿದ್ದೇನೆ. ಕಥೆ ಕ್ಲಾರಾ ಬಾರ್ಟನ್ ಅವರದು. 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದವರು. ಆಗ ಅವರಿಗೆ 59 ವರ್ಷ.

ಮೊದಲು ಬರೆದಿದ್ದೆಲ್ಲ ಯುದ್ಧವೇ. ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಗಾಯಾಳುಗಳ ಆರೈಕೆಗೆ ಹೋಗಿದ್ದ 1862ರ ಆಂಟಿಟಮ್ ಕಾಳಗ, ಗಾಯಾಳುಗಳು, ಗಾಡಿಗಳು, ಕುದುರೆಗಳು. ಎರಡು ಕುದುರೆ ಕತ್ತರಿಸುವಷ್ಟರಲ್ಲಿ ಬೆರಳು ಬಾತುಕೊಂಡಿತು. ಒಂದೊಂದಕ್ಕೂ ನಾಲ್ಕು ಕಾಲು ನೋಡಿ! ಸೋಮಾರಿತನಕ್ಕೇ ಅಂದುಕೊಳ್ಳಿ, ಯುದ್ಧ ಬಿಟ್ಟು ಬಾಲ್ಯ ಹಿಡಿದೆ. ಈಗ ಅನಿಸುತ್ತಿದೆ, ಕಥೆ ಇರೋದೇ ಅಲ್ಲಿ.

ಏಪ್ರಿಲ್ 9

ನಮ್ಮ ಕಡೆಯ ತೊಗಲು ಬೊಂಬೆ ಚರ್ಮದ್ದು. ಬೆಳಕು ಅದರೊಳಗೆ ಹಾಯುತ್ತೆ, ಅದಕ್ಕೇ ಬಣ್ಣ ಪರದೆ ಮೇಲೆ ಬೀಳುತ್ತೆ. ನನ್ನದು ಸೀರೆ ಡಬ್ಬಿಯ ರಟ್ಟು, ಬರೀ ಕಪ್ಪು ನೆರಳು. ಕ್ಲಾರಾಳ ಲಂಗದ ಜಾಗ ಕತ್ತರಿಸಿ ಕೆಂಪು ಜಿಲೇಟಿನ್ ಕಾಗದ ಅಂಟಿಸಿದೆ. ಸುಮಾರಾಗಿದೆ. ಹಿಡಿಕೆಗೆ ಸೈಕಲ್ ಚಕ್ರದ ಹಳೇ ಕಡ್ಡಿ, ಮೊಣಕೈಗೆ ದಾರದ ಗಂಟು.

ಮನೆಮಂದಿಯ ಬೊಂಬೆಗಳೂ ಆದವು. 1821ರ ಡಿಸೆಂಬರ್ 25ರಂದು ಮ್ಯಾಸಚೂಸೆಟ್ಸ್‌ನ ಹಳ್ಳಿಯೊಂದರಲ್ಲಿ ಹುಟ್ಟಿದ ಐದನೇ ಮಗು ಇವಳು. ಇಬ್ಬರು ಅಕ್ಕಂದಿರು, ಇಬ್ಬರು ಅಣ್ಣಂದಿರು, ಎಲ್ಲರೂ ಇವಳಿಗಿಂತ ತುಂಬಾ ದೊಡ್ಡವರು. ಅಂದ್ರೆ ಮನೆ ತುಂಬಾ ಮೇಷ್ಟ್ರುಗಳೇ. ಅಕ್ಕಂದಿರು ಓದು ಕಲಿಸಿದರು, ಅಣ್ಣ ಸ್ಟೀಫನ್ ಲೆಕ್ಕ. ಇನ್ನೊಬ್ಬ ಅಣ್ಣ ಡೇವಿಡ್ ಐದು ವರ್ಷದವಳನ್ನು ಎತ್ತಿ ಕುದುರೆ ಮರಿಯ ಬೆನ್ನಿಗೆ ಹಾಕಿ, ಜೂಲು ಗಟ್ಟಿಯಾಗಿ ಹಿಡ್ಕೋ ಅಂದುಬಿಟ್ಟ. ಕತ್ತರಿಸಿಟ್ಟ ಎರಡು ಕುದುರೆಯಲ್ಲಿ ಒಂದು ಇಲ್ಲಿ ಕೆಲಸಕ್ಕೆ ಬಂತು.

ಅಪ್ಪ ಹಳೇ ಸೈನಿಕ. ಸಂಜೆ ಮಗಳನ್ನು ಕೂರಿಸಿಕೊಂಡು ಯುದ್ಧದ ಕಥೆ ಹೇಳುತ್ತಿದ್ದರಂತೆ. ಜನರಲ್ ಯಾರು, ಕರ್ನಲ್ ಯಾರು, ಸಾರ್ಜೆಂಟ್ ಎಲ್ಲಿ ನಿಲ್ಲಬೇಕು, ಎಲ್ಲಾ ಬಾಯಿಪಾಠ. ಮುಂದೆ ಕ್ಲಾರಾ ರಣರಂಗಕ್ಕೆ ಹೋದಾಗ ಪಡೆ ಅನ್ನೋದು ಅವರಿಗೆ ಹೊಸದೇನೂ ಆಗಿರಲಿಲ್ಲ.

ಏಪ್ರಿಲ್ 14

ಪರದೆ ಅಪ್ಪನ ಹಳೇ ಪಂಚೆ. ಹಿಂದೆ ಚೌಕನೆಯ ಎಲ್‌ಇಡಿ ಪ್ಯಾನಲ್ ಇಟ್ಟೆ. ಬೊಂಬೆಯ ಅಂಚೆಲ್ಲ ಕಲಸಿಹೋಯಿತು, ಕ್ಲಾರಾ ಮಂಜಿನಲ್ಲಿ ನಿಂತ ಹಾಗೆ. ಎರಡು ದಿನ ರಟ್ಟನ್ನೇ ಬೈದುಕೊಂಡೆ. ಮೂರನೇ ಸಂಜೆ ಕರೆಂಟ್ ಹೋಯಿತು. ಸುಮ್ನೆ ಮೊಬೈಲ್ ಟಾರ್ಚ್ ಹಾಕಿದೆ ನೋಡಿ, ಮೂಗಿನ ತುದಿಯೂ ಚೂಪಾಗಿ ಬಿತ್ತು! ಬೆಳಕು ಒಂದೇ ಚುಕ್ಕಿಯಿಂದ ಬಂದ್ರೆ ನೆರಳು ಚೊಕ್ಕ. ಅಗಲವಾದ ಪ್ಯಾನಲ್ ಆದ್ರೆ ಪ್ರತಿ ಮೂಲೆಯಿಂದಲೂ ಒಂದೊಂದು ನೆರಳು ಬಿದ್ದು ಅಂಚು ಮಸುಕು. ಫ್ಯಾನ್ ಮಾತ್ರ ಆರಿಸಲೇಬೇಕು, ಪಂಚೆ ಅಲ್ಲಾಡುತ್ತೆ. ಏಪ್ರಿಲ್‌ನ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಇಪ್ಪತ್ತು ನಿಮಿಷ! ಮಕ್ಕಳು ಎದ್ದು ಓಡದಿದ್ದರೆ ಸಾಕು.

ಏಪ್ರಿಲ್ 20

ಮುಖ್ಯ ದೃಶ್ಯಕ್ಕೆ ಬಂದೆ. ಊರವರೆಲ್ಲ ಸೇರಿ ಕೊಟ್ಟಿಗೆ ಕಟ್ಟುವಾಗ ಡೇವಿಡ್ ಮೇಲಿಂದ ಬಿದ್ದ. ಮೊದಲು ಏನೂ ಆಗಿಲ್ಲ ಅನಿಸಿತು, ಆಮೇಲೆ ಜ್ವರ ಬಿಡಲೇ ಇಲ್ಲ. ಕ್ಲಾರಾಗೆ 11 ವರ್ಷ. ಬೇರೆಯವರ ಮುಂದೆ ಬಾಯಿ ಬಿಡೋಕೂ ನಾಚುವ ಹುಡುಗಿ. ಅವಳು ಅಣ್ಣನ ಮಂಚದ ಪಕ್ಕ ಕೂತವಳು ಹೆಚ್ಚುಕಡಿಮೆ ಎರಡು ವರ್ಷ ಅಲ್ಲೇ ಇದ್ದಳು. ಔಷಧಿ ಕೊಡೋದು, ಜಿಗಣೆ ಹಚ್ಚೋದು, ಎಲ್ಲಾ ಅವಳೇ. ಕೆಟ್ಟ ರಕ್ತ ತೆಗೆದರೆ ಜ್ವರ ಇಳಿಯುತ್ತೆ ಅಂತ ಆಗಿನ ವೈದ್ಯರು ನಂಬಿದ್ದರು. ಕೊನೆಗೆ ಅವನು ಸುಧಾರಿಸಿದ್ದು ಜಿಗಣೆಯಿಂದಲ್ಲ, ಬೇರೊಬ್ಬ ವೈದ್ಯರ ಹಬೆ ಚಿಕಿತ್ಸೆ ಶುರುವಾದ ಮೇಲೆ.

ಈ ಭಾಗ ಪಕ್ಕದ ಮನೆ ಅಜ್ಜಿಗೆ ಹೇಳಿದೆ. ಅವರು ಹರಿಹರದ ಕಡೆಯ ಗದ್ದೆ ಸೀಮೆಯವರು. "ಜಿಗಣೆ ನಾಟಿ ಮಾಡುವಾಗ ತಾನೇ ಹತ್ತುತ್ತೆ ಕಣವ್ವ. ಬಿಡಿಸೋಕೆ ಉಪ್ಪು ಬೇಕು. ಇವಳು ಕೈಯಾರೆ ಹಚ್ಚುತ್ತಿದ್ದಳಾ?" ಅಂತ ಮುಖ ಕಿವುಚಿದರು. ಆ ಮುಖ ನೋಡಿಯೇ ಗೊತ್ತಾಯಿತು, ಜಿಗಣೆ ಬೊಂಬೆ ಬೇಕೇ ಬೇಕು. ಮಾಡಿದ್ದು ಬೆರಳುದ್ದ. ಟಾರ್ಚ್ ಹತ್ತಿರ ತಂದರೆ ಹಾವಿನಷ್ಟಾಗುತ್ತೆ, ಪರದೆಗೆ ತಾಗಿಸಿದರೆ ಮತ್ತೆ ಬೆರಳುದ್ದ. ಹುಡುಗಿಯ ಕೈ ಹತ್ತಿರ ಬರುತ್ತಾ ಬರುತ್ತಾ ಅದು ಚಿಕ್ಕದಾಗಬೇಕು. ಇದನ್ನು ಹತ್ತು ಸಲ ಅಭ್ಯಾಸ ಮಾಡಿದೆ, ತೋಳು ನೋವು.

ಏಪ್ರಿಲ್ 24

ಒಂದು ತಲೆನೋವು ಉಳಿದಿದೆ. ಅಣ್ಣ ಹುಷಾರಾದ ಮೇಲೆ ಹುಡುಗಿಗೆ ಮಾಡೋಕೆ ಕೆಲಸವೇ ಇಲ್ಲ, ನಾಚಿಕೆ ಇನ್ನೂ ಜಾಸ್ತಿ. ಆಗ ಮನೆಗೆ ಬಂದಿದ್ದ ಫೌಲರ್ ಅನ್ನುವವರ ಹತ್ತಿರ ಅಮ್ಮ ಸಲಹೆ ಕೇಳಿದರು. ತಲೆಬುರುಡೆಯ ಉಬ್ಬುತಗ್ಗು ನೋಡಿ ಗುಣ ಹೇಳುವವರು ಅವರು. ಆ ಶಾಸ್ತ್ರ ಶುದ್ಧ ಸುಳ್ಳು. ಆದರೆ ಸಲಹೆ? "ಇವಳ ಮೇಲೆ ಜವಾಬ್ದಾರಿ ಹಾಕಿ, ಮಕ್ಕಳಿಗೆ ಪಾಠ ಹೇಳಲಿ" ಅನ್ನುವ ಅರ್ಥದ್ದು. 17ನೇ ವಯಸ್ಸಿಗೆ ಅವಳು ಟೀಚರ್ ಆದಳು, ತಂಟೆ ಹುಡುಗರ ಜೊತೆ ಆಟಕ್ಕಿಳಿದೇ ಅವರನ್ನು ಗೆದ್ದಳು. ಬುರುಡೆ ಮುಟ್ಟಿ ಹೇಳಿದ್ದು ನಿಜವಾಯಿತು ಅಂತ ಮಕ್ಕಳು ಅಂದುಕೊಂಡರೆ ಕಷ್ಟ ಅಲ್ವಾ. ನನ್ನ ಪ್ರಕಾರ ಎರಡು ವರ್ಷ ಮಂಚದ ಪಕ್ಕ ಕೂತವಳ ಬಗ್ಗೆ ಆ ಮಾತು ಹೇಳೋಕೆ ಬುರುಡೆ ಮುಟ್ಟಬೇಕಾಗಿರಲಿಲ್ಲ. ಅದಕ್ಕೆ ಫೌಲರ್ ಬೊಂಬೆಗೆ ಬೇಕಂತಲೇ ಉದ್ದ ಕೈ, ಕೋಡಂಗಿ ನಡಿಗೆ ಇಟ್ಟಿದ್ದೇನೆ.

ಆದರೆ ಆ ಕೈ ತಲೆ ತನಕ ಏಳ್ತಾನೇ ಇಲ್ಲ, ದಾರ ಜಾರುತ್ತೆ. ನಾಳೆ ಗಂಟು ಬಿಚ್ಚಿ ಅಂಗಿ ಗುಂಡಿ ಹಾಕಿ ನೋಡಬೇಕು. ಆಟ ಶನಿವಾರ ಸಂಜೆ 7ಕ್ಕೆ. ಮಂಡಕ್ಕಿ ಮಿರ್ಚಿ ಅಕ್ಕನ ಲೆಕ್ಕ.